ಅಂಟಿಸಿದ ಪಾದ, ಮೂಲದ ಪಾದ

ಕಳೆದ ತಿಂಗಳು ನಮ್ಮ ಪಟ್ಟಣದ ಒಂದು ಸಭೆಯಲ್ಲಿ ತರುಣ ಉಪನ್ಯಾಸಕರೊಬ್ಬರು ಸ್ವಾತಂತ್ರ್ಯ ಸಂಗ್ರಾಮವನ್ನು ಕುರಿತು ಮಾತನಾಡಿದರು. ಅವರ ವಾಕ್ಪಟುತ್ವವು ಶ್ಲಾಘ್ಯವಾಗಿತ್ತು. ಅಹಿಂಸೆಯನ್ನು ಪರಮಧರ್ಮವೆಂದು ಸಾರುವ ಪ್ರಸಿದ್ಧವಾದ ಶ್ಲೋಕಪಾದವನ್ನು ಅವರು ಹೇಳಿ, ಕ್ಷಣಕಾಲ ನಿಲ್ಲಿಸಿ, ಧರ್ಮಕ್ಕಾಗಿ ಮಾಡುವ ಹಿಂಸೆಯೂ ಅದರಂತೆಯೇ ಪರಮವಾದುದೆಂಬ ಅರ್ಥದ ಮತ್ತೊಂದು ಪಾದವನ್ನು ಏರುದನಿಯಲ್ಲಿ ಸೇರಿಸಿದರು. “ಗಾಂಧಿಯವರು ದೇಶಕ್ಕೆ ಮೊದಲ ಪಾದವನ್ನು ಮಾತ್ರ ಕಲಿಸಿದರು, ಎರಡನೆಯದನ್ನು ಬಚ್ಚಿಟ್ಟರು. ನನಗೆ ಎರಡನ್ನೂ ಕಲಿಸಿದ ಗುರುಗಳು ಈ ಸಭೆಯಲ್ಲಿಯೇ ಇದ್ದಾರೆ” ಎಂದು ಹೇಳಿ, ಹಿಂದಿನ ಸಾಲಿನಲ್ಲಿ ಕುಳಿತಿದ್ದ ನನ್ನತ್ತ ಕೈ ಮುಗಿದರು. ಕರತಾಡನವು ಬಹಳ ಹೊತ್ತು ನಡೆಯಿತು. ನಾನೂ ಪ್ರತಿನಮಸ್ಕಾರ ಮಾಡಿದೆ.

ಸಭೆ ಮುಗಿದ ಮೇಲೆ ಸ್ನೇಹಿತರೊಬ್ಬರ ಮೊಮ್ಮಗಳು, ಕಾಲೇಜಿನಲ್ಲಿ ಓದುವ ಹುಡುಗಿ, ಹತ್ತಿರ ಬಂದು, “ತಾತ, ಆ ಎರಡನೆಯ ಪಾದ ಮಹಾಭಾರತದ ಯಾವ ಪರ್ವದಲ್ಲಿದೆ?” ಎಂದು ಕೇಳಿದಳು. “ಅನುಶಾಸನಪರ್ವದಲ್ಲಿರಬೇಕಮ್ಮ” ಎಂದೆ. ‘ಇರಬೇಕು’ ಎಂಬ ಆ ಶಬ್ದವು ಮನೆಯವರೆಗೂ ನನ್ನನ್ನು ಹಿಂಬಾಲಿಸಿ ಬಂದಿತು. ಆಕರವನ್ನು ನೋಡದೆ ವಚನವನ್ನು ಹೇಳಬಾರದೆಂಬುದು ಪಾಠಶಾಲೆಯಲ್ಲಿ ನಮ್ಮ ಗುರುಗಳು ಮೊದಲ ದಿನವೇ ವಿಧಿಸಿದ ನಿಯಮ. ನಾನಾದರೋ ಯಾವುದೋ ಸುಭಾಷಿತಗಳ ಕೈಹೊತ್ತಿಗೆಯಲ್ಲಿ ಆ ಪಾದವನ್ನು ಕಂಡು, ಛಂದಸ್ಸು ಸರಿಯಾಗಿದೆ, ಲಯವು ಕಿವಿಗೆ ಹಿತವಾಗಿದೆ ಎಂಬಷ್ಟರಿಂದಲೇ ತೃಪ್ತನಾಗಿ, ಶಾಲೆಯ ಕರಿಹಲಗೆಯ ಮೇಲೆ ಬರೆದು, ಮಕ್ಕಳಿಂದ ಬಾಯಿಪಾಠ ಮಾಡಿಸಿದ್ದೆ. ಆ ಮಕ್ಕಳು ಬೆಳೆದು ಇಂದು ಅದನ್ನು ಸಭೆಗಳಲ್ಲಿ ಹೇಳುತ್ತಿದ್ದಾರೆ, ಮೊಬೈಲುಗಳಲ್ಲಿ ಹಂಚುತ್ತಿದ್ದಾರೆ, ಭಿತ್ತಿಪತ್ರಗಳಲ್ಲಿ ಅಚ್ಚು ಹಾಕಿಸುತ್ತಿದ್ದಾರೆ. ಆದುದರಿಂದ ಈ ಲೇಖನವು ಪರರ ಮೇಲಿನ ಆಕ್ಷೇಪವಾಗಿರುವುದಕ್ಕಿಂತ ಮೊದಲು ನನ್ನ ಮೇಲಿನ ಆಕ್ಷೇಪವೆಂದು ವಾಚಕರು ತಿಳಿಯಬೇಕು.

ಮಹಾಭಾರತದಲ್ಲಿ ಆ ಪಾದವು ಇಲ್ಲ. ಪುಣೆಯ ಭಾಂಡಾರಕರ್ ಪ್ರಾಚ್ಯವಿದ್ಯಾ ಸಂಶೋಧನ ಸಂಸ್ಥೆಯ ವಿದ್ವಾಂಸರು ನಾನಾ ಲಿಪಿಗಳ ಹಸ್ತಪ್ರತಿಗಳನ್ನು ಹೋಲಿಸಿ ನೋಡಿ ೧೯೬೬ರಲ್ಲಿ ಮುಗಿಸಿದ ಪರಿಷ್ಕೃತ ಆವೃತ್ತಿಯ ಪಾಠದಲ್ಲಿ ಅದು ಇಲ್ಲ. ಅಹಿಂಸೆಯು ಪರಮಧರ್ಮವೆಂಬ ಮೊದಲ ಪಾದವಾದರೋ ಒಂದಲ್ಲ, ಹಲವು ಕಡೆ ಇದೆ. ಮತ್ತು ಪ್ರತಿಯೊಂದು ಕಡೆಯಲ್ಲಿಯೂ ಅದಕ್ಕೆ ತನ್ನದೇ ಆದ ಉತ್ತರಭಾಗವಿದೆ. ಆ ಸ್ಥಳಗಳಲ್ಲಿ ಮೂರನ್ನು ನೋಡುವುದರಿಂದಲೇ ನಮ್ಮ ವಿವಾದವು ಬಹುಮಟ್ಟಿಗೆ ತೀರುವುದು.

ಮೊದಲನೆಯದು ಆದಿಪರ್ವದ ರುರುವಿನ ಉಪಾಖ್ಯಾನ. ರುರುವಿನ ಪ್ರಿಯೆಯಾದ ಪ್ರಮದ್ವರೆಯನ್ನು ಸರ್ಪವೊಂದು ಕಚ್ಚಿತು. ತನ್ನ ಆಯುಸ್ಸಿನ ಅರ್ಧವನ್ನು ಕೊಟ್ಟು ಅವನು ಆಕೆಯನ್ನು ಬದುಕಿಸಿಕೊಂಡನು. ಆದರೆ ಅವನ ಕೋಪವು ಆರಲಿಲ್ಲ. ಸರ್ಪಜಾತಿಯನ್ನೇ ಕೊಲ್ಲುವ ಪ್ರತಿಜ್ಞೆಯನ್ನು ಮಾಡಿ, ಕಂಡ ಕಂಡ ಹಾವುಗಳನ್ನು ಬಡಿಯುತ್ತ ಹೋದನು. ಒಂದು ದಿನ ಅಡವಿಯಲ್ಲಿ ಮಲಗಿದ್ದ ವಿಷವಿಲ್ಲದ ಮುದಿ ಡುಂಡುಭದ ಮೇಲೆ ದಂಡವನ್ನೆತ್ತಿದಾಗ, ನಿನಗೆ ನಾನು ಯಾವ ಅಪರಾಧವನ್ನೂ ಮಾಡಿಲ್ಲವಲ್ಲ ಎಂದು ಆ ಹಾವು ಕೇಳಿತು. ಅಹಿಂಸೆಯು ಪರಮಧರ್ಮವೆಂಬ ಮಾತು ಆ ಗ್ರಂಥದಲ್ಲಿ ಹೊರಡುವುದು ಆ ಪ್ರಾಣಿಯ ಬಾಯಿಂದ! ವಾಚಕರು ಗಮನಿಸಬೇಕು: ರುರುವು ದರೋಡೆಕಾರನಲ್ಲ. ಅವನಿಗೆ ನಿಜವಾದ ದುಃಖವಿತ್ತು; ತಾನು ಮಾಡುವುದು ಧರ್ಮವೇ ಎಂಬ ನಂಬಿಕೆಯೂ ಇತ್ತು. ಒಬ್ಬನ ಅಪರಾಧಕ್ಕೆ ಕುಲವನ್ನೆಲ್ಲ ದಂಡಿಸಹೊರಟ ಆತನ ಕೃತ್ಯವು ‘ಧರ್ಮಹಿಂಸೆ’ಗೆ ಅತ್ಯುತ್ತಮವಾದ ಉದಾಹರಣೆ. ಅದನ್ನು ತಡೆಯುವುದಕ್ಕಾಗಿಯೇ ಆಡಲ್ಪಟ್ಟ ಮಾತಿಗೆ ಅದನ್ನೇ ಸಮರ್ಥಿಸುವ ಬಾಲವನ್ನು ನಾವು ಕಟ್ಟಿದ್ದೇವೆ!

ಎರಡನೆಯದು ವನಪರ್ವದ ಧರ್ಮವ್ಯಾಧನ ಉಪದೇಶ. ವೇದಾಧ್ಯಯನದ ಗರ್ವದಿಂದ ಕೂಡಿದ ಕೌಶಿಕನೆಂಬ ಬ್ರಾಹ್ಮಣನು ಮಿಥಿಲೆಗೆ ಹೋಗಿ, ಮಾಂಸದ ಅಂಗಡಿಯಲ್ಲಿ ಕುಳಿತ ವ್ಯಾಧನಿಂದ ಧರ್ಮವನ್ನು ಕೇಳುತ್ತಾನೆ. ಅಲ್ಲಿ ಅದೇ ಪಾದವು ಬಂದು, ಅದರ ಮುಂದಿನ ಪಾದದಲ್ಲಿ, ಆ ಅಹಿಂಸೆಯು ಸತ್ಯದಲ್ಲಿ ಪ್ರತಿಷ್ಠಿತವಾಗಿದೆ ಎಂಬ ಅರ್ಥವು ಹೇಳಲ್ಪಟ್ಟಿದೆ. ಮೂಲದ ಎರಡನೆಯ ಪಾದವು ಇದು! ಇದನ್ನು ಓದಿದಾಗ ನನ್ನ ಕಣ್ಣುಗಳು ತುಂಬಿದುವು. ನಲವತ್ತು ವರ್ಷ ಎದುರಿಗಿದ್ದ ಪುಸ್ತಕದಲ್ಲಿ ಸತ್ಯಾಗ್ರಹದ ಸೂತ್ರವೇ ಇದ್ದಿತು. ನಾನು ಅದರ ಸ್ಥಾನದಲ್ಲಿ ಕೈಹೊತ್ತಿಗೆಯ ನಾಣ್ಯವನ್ನು ಚಲಾಯಿಸಿದ್ದೆ. ಅದೇ ವ್ಯಾಧನು ಮುಂದೆ, ನೇಗಿಲ ಗೆರೆಯಲ್ಲಿಯೂ ಪ್ರಾಣಿಗಳು ಸಾಯುವುವು, ಧಾನ್ಯಬೀಜಗಳಲ್ಲಿಯೂ ಜೀವವಿದೆ, ಸಂಪೂರ್ಣವಾಗಿ ಹಿಂಸೆಯಿಂದ ಮುಕ್ತನಾದವನು ಲೋಕದಲ್ಲಿ ಇಲ್ಲ ಎಂಬುದನ್ನೂ ಮುಚ್ಚುಮರೆಯಿಲ್ಲದೆ ಹೇಳುತ್ತಾನೆ. ತನ್ನ ಕಸುಬಿನ ಹಿಂಸೆಯನ್ನು ಮರೆಮಾಡದೆ ಅಹಿಂಸೆಯನ್ನು ಹೊಗಳಿದವನು ಅವನು. ಸತ್ಯದ ಮೇಲೆ ನಿಂತ ಅಹಿಂಸೆ ಎಂದರೆ ಇದೇ.

ಮೂರನೆಯದು ಅನುಶಾಸನಪರ್ವ. ಬಾಣಗಳ ಶಯ್ಯೆಯ ಮೇಲೆ ಮಲಗಿದ ಭೀಷ್ಮನು ಧರ್ಮರಾಜನಿಗೆ, ಅಹಿಂಸೆಯೇ ದಮ, ಅಹಿಂಸೆಯೇ ದಾನ, ಅಹಿಂಸೆಯೇ ತಪಸ್ಸು ಎಂದು ಒಂದೊಂದಾಗಿ ಎಣಿಸಿ ಹೇಳುತ್ತಾನೆ. ಕೇಳುವವನೂ ಹೇಳುವವನೂ ಕುರುಕ್ಷೇತ್ರವನ್ನು ನೋಡಿದವರು. ಪೆಟ್ಟು ಬೀಳಲಿದ್ದ ಹಾವು, ಮಾಂಸವನ್ನು ಮಾರುವ ವ್ಯಾಧ, ಮೈಯೆಲ್ಲ ಬಾಣಗಳಾದ ಯೋಧ—ಈ ಮೂವರಲ್ಲಿ ಯಾರೊಬ್ಬರೂ ಹಿಂಸೆಯನ್ನು ಅರಿಯದ ಮುಗ್ಧರಲ್ಲ.

ಇರಲಿ, ಅಂಟಿಸಿದ ಪಾದವು ವ್ಯಾಸರದಲ್ಲದಿದ್ದರೇನು, ಅದರ ಅಭಿಪ್ರಾಯವು ಶಾಸ್ತ್ರಸಮ್ಮತವಲ್ಲವೇ ಎಂದು ಕೇಳುವವರಿದ್ದಾರೆ. ಇದಕ್ಕೆ ಪತಂಜಲಿಯೇ ಉತ್ತರವನ್ನು ಕೊಟ್ಟಿದ್ದಾನೆ. ಯೋಗಸೂತ್ರದ ಸಾಧನಪಾದದಲ್ಲಿ ಐದು ಯಮಗಳನ್ನು ಎಣಿಸುವಾಗ ಅಹಿಂಸೆಯನ್ನು ಮೊದಲು, ಸತ್ಯವನ್ನು ಎರಡನೆಯದಾಗಿ ಇಟ್ಟು, ಮುಂದಿನ ಸೂತ್ರದಲ್ಲಿ ಜಾತಿ, ದೇಶ, ಕಾಲ, ಸಮಯಗಳೆಂಬ ಕಟ್ಟುಗಳಿಲ್ಲದಿದ್ದರೆ ಅವು ಮಹಾವ್ರತವಾಗುವುವು ಎಂದನು. ವ್ಯಾಸಭಾಷ್ಯವು ಆ ಕಟ್ಟುಗಳಿಗೆ ಉದಾಹರಣೆಗಳನ್ನು ಕೊಡುತ್ತದೆ. ಮೀನುಗಳನ್ನು ಮಾತ್ರ ಕೊಲ್ಲುವೆನೆನ್ನುವ ಬೆಸ್ತನದು ಜಾತಿಯ ಕಟ್ಟು. ತೀರ್ಥದಲ್ಲಿ ಕೊಲ್ಲೆನೆನ್ನುವುದು ದೇಶದ ಕಟ್ಟು. ಚತುರ್ದಶಿಯಂದು ಕೊಲ್ಲೆನೆನ್ನುವುದು ಕಾಲದ ಕಟ್ಟು. ದೇವಬ್ರಾಹ್ಮಣರಿಗಾಗಿ ಹೊರತು ಕೊಲ್ಲೆನೆನ್ನುವುದು, ಯುದ್ಧದಲ್ಲಿ ಹೊರತು ಕೊಲ್ಲೆನೆಂದು ಕ್ಷತ್ರಿಯನು ಹೇಳುವುದು ಸಮಯದ ಕಟ್ಟು. ಎಂದರೆ, ‘ಧರ್ಮಕ್ಕಾಗಿಯಾದರೆ ಹಿಂಸೆಯೂ ಸರಿ’ ಎಂಬ ವಾದವನ್ನು ಭಾಷ್ಯಕಾರರು ಅರಿಯದವರಲ್ಲ. ಅರಿತು, ಅದನ್ನು ಬೆಸ್ತನ ಬಲೆಯ ಪಕ್ಕದಲ್ಲಿಯೇ, ಮಿತಿಯುಳ್ಳ ಅಹಿಂಸೆಯ ಪಂಕ್ತಿಯಲ್ಲಿ ಕೂರಿಸಿದ್ದಾರೆ. ಇನ್ನೂ ಮೂರು ಸೂತ್ರಗಳನ್ನು ದಾಟಿದರೆ, ತಾನು ಮಾಡಿದ ಹಿಂಸೆ, ಮಾಡಿಸಿದ ಹಿಂಸೆ, ಅನುಮೋದಿಸಿದ ಹಿಂಸೆ ಎಂದು ಮೂರು ಬಗೆಯನ್ನು ಹೇಳಿ, ಮೂರಕ್ಕೂ ದುಃಖವೂ ಅಜ್ಞಾನವೂ ಫಲವೆಂದಿದೆ. ಸಭೆಯಲ್ಲಿ ಕುಳಿತು ಚಪ್ಪಾಳೆ ತಟ್ಟುವವರು ಆ ಮೂರನೆಯ ಬಗೆಯನ್ನು ನೆನೆಯಬೇಕು. ಪ್ರತಿನಮಸ್ಕಾರ ಮಾಡಿದ ನಾನು ನೆನೆದಿದ್ದೇನೆ.

ನಮ್ಮ ಕನ್ನಡದ ಜನ್ನನು ಇದನ್ನು ಕಥೆಯಾಗಿ ತೋರಿಸಿದನು. ೧೩ನೆಯ ಶತಮಾನದ ಆರಂಭದ ‘ಯಶೋಧರ ಚರಿತೆ’ಯಲ್ಲಿ ಬಲಿಯಾದುದು ಹಿಟ್ಟಿನ ಕೋಳಿ. ಆದರೂ ಸಂಕಲ್ಪದ ಹಿಂಸೆಯು ತಾಯಿಮಕ್ಕಳನ್ನು ಜನ್ಮಜನ್ಮಾಂತರಗಳಲ್ಲಿ ಅಲೆಸಿತು. ಜನ್ನನು ಜೈನನೆಂಬುದನ್ನು ಇಲ್ಲಿ ಮರೆಯತಕ್ಕದ್ದಲ್ಲ. ಅಹಿಂಸೆಯ ವಿಷಯದಲ್ಲಿ ವೈದಿಕರಾದ ನಾವು ಜೈನರಿಗೂ ಬೌದ್ಧರಿಗೂ ಋಣಿಗಳು. ಗಾಂಧಿಯವರೂ ಜೈನರಾದ ರಾಯಚಂದಭಾಯಿಯವರ ಋಣವನ್ನು ಬಾಯಿತುಂಬ ಒಪ್ಪಿಕೊಂಡವರು.

ಈಗ ಪ್ರಬಲವಾದ ಪೂರ್ವಪಕ್ಷವನ್ನು ನೋಡೋಣ. ಗೀತೆಯು ಹುಟ್ಟಿದುದೇ ರಣರಂಗದಲ್ಲಿ. ಕೈಬಿಲ್ಲನ್ನು ಕೆಳಗಿಟ್ಟವನಿಗೆ ಮತ್ತೆ ಎತ್ತಿಕೊಳ್ಳೆಂದು ಹೇಳಿದ ಗ್ರಂಥವು ಅಹಿಂಸೆಗೆ ಹೇಗೆ ಮೂಲವಾದೀತು? ಆ ಡುಂಡುಭವೇ ದಂಡಧಾರಣೆಯು ಕ್ಷತ್ರಿಯನ ಧರ್ಮವೆಂದು ಒಪ್ಪಿದೆಯಲ್ಲ! ಈ ಆಕ್ಷೇಪವು ಹಗುರವಾದುದಲ್ಲ. ಮಂಡಾಲೆಯ ಸೆರೆಯಲ್ಲಿ ಬರೆದು ೧೯೧೫ರಲ್ಲಿ ಪ್ರಕಟವಾದ ‘ಗೀತಾರಹಸ್ಯ’ದ ತಿಲಕರಿಗೂ ಗಾಂಧಿಯವರಿಗೂ ೧೯೨೦ರಲ್ಲಿ ‘ಯಂಗ್ ಇಂಡಿಯಾ’ ಪತ್ರಿಕೆಯಲ್ಲಿ ಇದೇ ವಿಷಯವಾಗಿ ಮಾತು ನಡೆಯಿತು. ಕುರುಕ್ಷೇತ್ರವು ಮನುಷ್ಯನ ಹೃದಯದಲ್ಲಿಯೇ ಇದೆಯೆಂದು ಗಾಂಧಿಯವರು ಅರ್ಥಮಾಡಿದರು. ನಾನು ಓದಿದ ಭಾಷ್ಯಗಳಲ್ಲಿ ಶಂಕರರಾಗಲಿ ರಾಮಾನುಜರಾಗಲಿ ಮಧ್ವರಾಗಲಿ ಯುದ್ಧವನ್ನು ಕೇವಲ ರೂಪಕವೆಂದು ತೆಗೆದುಕೊಂಡವರಲ್ಲ; ಆದುದರಿಂದ ಆ ಅರ್ಥವನ್ನು ನಾನು ಸಂಪ್ರದಾಯದ ಅರ್ಥವೆಂದು ಹೇಳಲಾರೆ. ಆದರೆ ಅದನ್ನು ಒಪ್ಪದೆಯೂ ಉತ್ತರವಿದೆ. ಅರ್ಜುನನು ದಂಡಾಧಿಕಾರವುಳ್ಳ ರಾಜವಂಶದವನು. ಐದು ಗ್ರಾಮಗಳಾದರೂ ಸಾಕೆಂಬವರೆಗೆ ಸಂಧಿಯನ್ನು ಬೇಡಿದ ಮೇಲೆ, ಘೋಷಿಸಲ್ಪಟ್ಟ ಯುದ್ಧದಲ್ಲಿ, ಆಯುಧಪಾಣಿಗಳ ಎದುರು ನಿಂತವನು. ಅಂಟಿಸಿದ ಪಾದವನ್ನು ಇಂದು ಹೇಳುತ್ತಿರುವವರು ರಾಜರಲ್ಲ, ನ್ಯಾಯಾಧೀಶರಲ್ಲ, ಗಡಿಯ ಸೈನಿಕರೂ ಅಲ್ಲ. ಬೀದಿಯಲ್ಲಿ ಗುಂಪಾಗಿ ನೆರೆದು, ನೆರೆಮನೆಯವನನ್ನು ಅಧರ್ಮಿಯೆಂದು ತಾವೇ ತೀರ್ಪಿತ್ತು, ದಂಡವನ್ನೂ ತಾವೇ ವಿಧಿಸಹೊರಟವರು. ಅವರಿಗೆ ಗಾಂಡೀವದ ಉಪಮಾನವು ಸಲ್ಲದು; ರುರುವಿನ ದೊಣ್ಣೆಯ ಉಪಮಾನವೇ ಸಲ್ಲುವುದು. ಅದೇ ಗೀತೆಯು ಹದಿನಾರನೆಯ ಅಧ್ಯಾಯದಲ್ಲಿ ದೈವೀಸಂಪತ್ತನ್ನು ಎಣಿಸುತ್ತ ಅಹಿಂಸೆ, ಸತ್ಯ, ಅಕ್ರೋಧ ಎಂಬ ಮೂರನ್ನು ಒಂದರ ಪಕ್ಕದಲ್ಲಿ ಒಂದಾಗಿ ಇಟ್ಟಿರುವುದನ್ನು ಅವರು ಓದಬೇಕು.

ಮತ್ತೊಂದು ಪಕ್ಷದವರು, ಇದೆಲ್ಲ ಪಶ್ಚಿಮದಿಂದ ಬಂದುದು, ಥೋರೋ, ರಸ್ಕಿನ್, ಟಾಲ್‌ಸ್ಟಾಯ್ ಇವರ ಪ್ರಸಾದವೆಂದು ಹೇಳುವರು. ಗಾಂಧಿಯವರು ಆ ಮಹನೀಯರ ಋಣವನ್ನೂ ಏಸುಕ್ರಿಸ್ತನ ಗಿರಿಪ್ರವಚನದ ಋಣವನ್ನೂ ಮರೆಸಿದವರಲ್ಲ. ಗೀತೆಯನ್ನೇ ಅವರು ಮೊದಲು ಓದಿದುದು ಲಂಡನ್ನಿನಲ್ಲಿ, ಎಡ್ವಿನ್ ಆರ್ನಾಲ್ಡನ ಇಂಗ್ಲಿಷ್ ಪದ್ಯಗಳಲ್ಲಿ. ಥೋರೋವಾದರೋ ಗೀತೆಯ ಇಂಗ್ಲಿಷ್ ಭಾಷಾಂತರವನ್ನು ಓದಿ ಮೆಚ್ಚಿದವನು. ಸಾಲವು ಹೀಗೆ ಎರಡೂ ಕಡೆಗೆ ಹರಿದಿರುವಲ್ಲಿ ಮೂಲಧನವು ಯಾರದೆಂದು ಜಗಳವಾಡುವುದು ವ್ಯರ್ಥ. ಇನ್ನೊಂದನ್ನೂ ಒಪ್ಪಬೇಕು: ಅನ್ಯಾಯದ ಶಾಸನವನ್ನು ಸಾವಿರಾರು ಜನರು ಕೂಡಿ ಬಹಿರಂಗವಾಗಿ ಮುರಿದು ದಂಡನೆಯನ್ನು ಅನುಭವಿಸುವ ಕ್ರಮವು ನಮ್ಮ ಸ್ಮೃತಿಗಳಲ್ಲಿ ಇಲ್ಲ. ಪ್ರಹ್ಲಾದನು ಒಬ್ಬನೇ ನಿಂತನು. ಹರಿಶ್ಚಂದ್ರನು ಒಬ್ಬನೇ ಬಳಲಿದನು. ಗುಹೆಯಲ್ಲಿ ಕುಳಿತ ಯೋಗಿಯ ಮಹಾವ್ರತವನ್ನು ಬೀದಿಯಲ್ಲಿ ನಡೆಯುವ ಕೃಷಿಕನಿಗೂ ಗೃಹಿಣಿಗೂ ಸಾಧ್ಯವಾಗುವಂತೆ ಮಾಡಿದುದು ಗಾಂಧಿಯವರ ಹೊಸ ಕಾರ್ಯ. ಬೀಜವು ಹಳೆಯದು, ಬಿತ್ತಿದ ಹೊಲವು ಹೊಸದು.

೧೯೦೬ರ ಸೆಪ್ಟೆಂಬರ್ ೧೧ರಂದು ಜೋಹಾನ್ಸ್‌ಬರ್ಗಿನ ಎಂಪೈರ್ ನಾಟಕಶಾಲೆಯಲ್ಲಿ ಭಾರತೀಯರು ಕಡ್ಡಾಯ ನೋಂದಣಿಯ ಶಾಸನಕ್ಕೆ ತಲೆಬಾಗೆವೆಂದು ಶಪಥ ಮಾಡಿದಾಗ ಆ ಕ್ರಮಕ್ಕೆ ಹೆಸರಿರಲಿಲ್ಲ. ಬಳಿಕ ‘ಇಂಡಿಯನ್ ಒಪಿನಿಯನ್’ ಪತ್ರಿಕೆಯು ಬಹುಮಾನವನ್ನಿಟ್ಟು ಹೆಸರನ್ನು ಕೇಳಿತು. ಮಗನ್‌ಲಾಲ ಗಾಂಧಿಯವರು ‘ಸದಾಗ್ರಹ’ವೆಂದು ಸೂಚಿಸಿದರು; ಗಾಂಧಿಯವರು ಅದನ್ನು ತಿದ್ದಿ ‘ಸತ್ಯಾಗ್ರಹ’ವೆಂದರು. ‘ಅಹಿಂಸಾಗ್ರಹ’ ಎಂದು ಹೆಸರಿಡಲಿಲ್ಲ! ಧರ್ಮವ್ಯಾಧನ ಪಾದವು ಇಲ್ಲಿ ನೆನಪಾಗದೆ ಇರದು. ಅಹಿಂಸೆಯು ಗೋಡೆ, ಸತ್ಯವು ಅದರ ತಳಹದಿ.

ಈ ತಳಹದಿಯನ್ನು ಮರೆತವರು ಹಿಂಸಾವಾದಿಗಳು ಮಾತ್ರವಲ್ಲ. ಕೈಯಲ್ಲಿ ಕಲ್ಲಿಲ್ಲವೆಂಬಷ್ಟರಿಂದಲೇ ತಮ್ಮ ಹಟವನ್ನು ಸತ್ಯಾಗ್ರಹವೆಂದು ಕರೆಯುವವರೂ ಅಷ್ಟೇ ತಪ್ಪಿದವರು. ಕನ್ನಡದಲ್ಲಿ ‘ಆಗ್ರಹ’ವೆಂಬ ಶಬ್ದಕ್ಕೆ ಹಟವೆಂದೂ ಕೋಪವೆಂದೂ ಅರ್ಥಗಳಿವೆ, ನಮ್ಮ ಇಂದಿನ ಎಷ್ಟೋ ಚಳವಳಿಗಳಲ್ಲಿ ಉಳಿದಿರುವುದು ಆ ಅರ್ಥಗಳೇ. ನಮ್ಮ ಪ್ರಾಚೀನರಿಗೆ ಧರಣಿಯು ತಿಳಿದಿತ್ತು. ಸಾಲವನ್ನು ವಸೂಲು ಮಾಡುವ ಐದು ಉಪಾಯಗಳನ್ನು ಹೇಳುವಾಗ ಮನುವು ‘ಆಚರಿತ’ವೆಂಬ ಒಂದನ್ನು ಹೆಸರಿಸಿದ್ದಾನೆ, ಸಾಲಗಾರನ ಬಾಗಿಲಲ್ಲಿ ಕೂರುವುದೂ ಅದರಲ್ಲಿ ಸೇರಿದೆಯೆಂದು ವ್ಯಾಖ್ಯಾನಕಾರರು ಬಿಡಿಸುತ್ತಾರೆ. ಅದು ವಸೂಲಿಯ ತಂತ್ರವೇ ಹೊರತು ವ್ರತವಲ್ಲ. ರಾಮಾಯಣದ ಅಯೋಧ್ಯಾಕಾಂಡದಲ್ಲಿ ಭರತನು ಚಿತ್ರಕೂಟದ ಪರ್ಣಕುಟಿಯ ಮುಂದೆ ದರ್ಭೆಯನ್ನು ಹಾಸಿ, ಅಣ್ಣನು ಹಿಂದಿರುಗಲೊಪ್ಪುವವರೆಗೂ ನಿರಾಹಾರನಾಗಿ ಮಲಗುವೆನೆಂದು ಹಟ ಹಿಡಿದನು. ರಾಮನು ಅದನ್ನು ಒಪ್ಪಿದನೆ? ಇದು ನಿನಗೆ ತಕ್ಕ ಕ್ರಮವಲ್ಲ, ಏಳು ಎಂದನು. ಭರತನು ಎದ್ದು, ಪಾದುಕೆಗಳನ್ನು ತಲೆಯ ಮೇಲಿಟ್ಟುಕೊಂಡು, ನಂದಿಗ್ರಾಮದಲ್ಲಿ ಜಟಾವಲ್ಕಲಧಾರಿಯಾಗಿ ಹದಿನಾಲ್ಕು ವರ್ಷ ಬದುಕಿದನು. ಮೊದಲನೆಯದು ಧರಣಿ, ಎರಡನೆಯದು ತಪಸ್ಸು. ಅಣ್ಣನ ಪ್ರತಿಜ್ಞೆಯನ್ನು ಮುರಿಸಲು ಹೊರಟವನು, ಆ ಸತ್ಯವನ್ನು ತಾನೂ ಹೊರಲು ಒಪ್ಪಿದನು. ಗೀತೆಯ ಹದಿನೇಳನೆಯ ಅಧ್ಯಾಯವು, ಮೂಢವಾದ ಹಟದಿಂದ ತನ್ನನ್ನು ಪೀಡಿಸಿಕೊಂಡೋ ಪರರನ್ನು ಕೆಡಿಸುವುದಕ್ಕಾಗಿಯೋ ಮಾಡುವ ತಪಸ್ಸು ತಾಮಸವೆಂದು ತೀರ್ಪು ಕೊಟ್ಟಿದೆ.

ಗಾಂಧಿಯವರು ಈ ಭೇದವನ್ನು ಬಲ್ಲವರಾಗಿದ್ದರು. ೧೯೨೧ರಲ್ಲಿ ಕಲಕತ್ತೆಯ ವಿದ್ಯಾರ್ಥಿಗಳು ಧರಣಿ ಕುಳಿತು ಸಹಪಾಠಿಗಳನ್ನು ತಡೆದಾಗ ಅದನ್ನು ಪುರಾತನವಾದ ಬರ್ಬರತೆಯೆಂದು ಖಂಡಿಸಿದರು. ೧೯೨೨ರ ಫೆಬ್ರವರಿಯಲ್ಲಿ ಚೌರಿಚೌರದಲ್ಲಿ ಗುಂಪು ಠಾಣೆಗೆ ಬೆಂಕಿಯಿಟ್ಟು ಪೊಲೀಸರನ್ನು ಕೊಂದಾಗ ದೇಶವ್ಯಾಪಿಯಾದ ಚಳವಳಿಯನ್ನೇ ನಿಲ್ಲಿಸಿದರು. ೧೯೩೯ರಲ್ಲಿ ರಾಜಕೋಟೆಯಲ್ಲಿ ಉಪವಾಸ ಮಾಡಿ, ತಮ್ಮ ಕಡೆಗೇ ತೀರ್ಪು ಬಂದ ಮೇಲೂ, ಉಪವಾಸದ ಜೊತೆಗೆ ವೈಸರಾಯರ ಮೊರೆಹೋದುದರಿಂದ ಅದರಲ್ಲಿ ಬಲಾತ್ಕಾರವು ಬೆರೆಯಿತೆಂದು ಒಪ್ಪಿ, ಆ ತೀರ್ಪಿನ ಲಾಭವನ್ನು ಬಿಟ್ಟುಕೊಟ್ಟರು. ಗೆದ್ದುದನ್ನು ಹೀಗೆ ಹಿಂದಿರುಗಿಸಿದ ಮುಂದಾಳುಗಳು ಎಷ್ಟು ಮಂದಿ ಇದ್ದಾರೆ? ಆದರೂ ಅವರ ೧೯೩೨ರ ಯೆರವಡಾ ಉಪವಾಸವನ್ನು ಅಂಬೇಡ್ಕರರು ಬಲಾತ್ಕಾರವೆಂದೇ ಎಣಿಸಿದರು. ಆ ಆಕ್ಷೇಪವನ್ನು ಭಕ್ತಿಯಿಂದ ಮುಚ್ಚಿಹಾಕುವುದು ಸತ್ಯಕ್ಕೆ ಸಲ್ಲದು.

ಸ್ವಾನುಭವವನ್ನೂ ಹೇಳುವೆನು. ನಾನು ಮೊದಲು ಕೆಲಸದಲ್ಲಿದ್ದ ಶಾಲೆಯಲ್ಲಿ ನಮಗೆ ನಾಲ್ಕು ತಿಂಗಳ ಸಂಬಳವು ಬಾಕಿಯಿತ್ತು. ನಾವು ಉಪವಾಸ ಕುಳಿತೆವು. ನಾಲ್ಕೆಂದರೆ ಯಾರೂ ಕಿವಿಗೊಡಲಾರರೆಂದು ಫಲಕದಲ್ಲಿ ಏಳು ಎಂದು ಬರೆದೆವು. ಬರೆದ ಅಕ್ಷರವು ನನ್ನದು. ಮೂರನೆಯ ದಿನ ಹಣ ಬಂದಿತು, ಜಯಘೋಷವಾಯಿತು. ಮರುದಿನ ಪಾಠ ಮಾಡುವಾಗ, ಲೆಕ್ಕವನ್ನು ಬಲ್ಲ ಗುಮಾಸ್ತರ ಮಗನು ಮೊದಲ ಸಾಲಿನಲ್ಲಿ ಕುಳಿತು ನನ್ನನ್ನು ನೋಡುತ್ತಿದ್ದನು. ನಾವು ಯಾರ ಮೈಯನ್ನೂ ಮುಟ್ಟಿರಲಿಲ್ಲ. ಆದರೂ ಅಂದಿನಿಂದ ಅದನ್ನು ಸತ್ಯಾಗ್ರಹವೆಂದು ಕರೆಯಲು ನನ್ನ ನಾಲಗೆಯು ಏಳಲಿಲ್ಲ.

ಹಾಗಾದರೆ ನಿಜವಾದುದು ಯಾವುದು? ೧೯೩೦ರ ಮಾರ್ಚ್ ೧೨ರಂದು ಗಾಂಧಿಯವರು ಸಾಬರಮತಿಯಿಂದ ಹೊರಡುವುದಕ್ಕೆ ಹತ್ತು ದಿನಗಳ ಮುಂಚೆಯೇ, ಮಾರ್ಚ್ ೨ರಂದು, ತಾವು ಮಾಡಲಿರುವುದನ್ನು ವೈಸರಾಯರಿಗೆ ಬರೆದು ತಿಳಿಸಿದರು. ಗುಟ್ಟಿಲ್ಲ, ಸುಳ್ಳಿಲ್ಲ; ದಂಡನೆಯು ತಮಗೆ ಬರಲಿ ಎಂಬ ಸಿದ್ಧತೆಯಿತ್ತು. ಅವರೊಡನೆ ದಾಂಡಿಗೆ ನಡೆದವರಲ್ಲಿ ನಮ್ಮ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರಿದ್ದರು. ಏಪ್ರಿಲ್ ೧೩ರಂದು ಅಂಕೋಲೆಯಲ್ಲಿ ಎಂ. ಪಿ. ನಾಡಕರ್ಣಿಯವರ ಮುಂದಾಳತನದಲ್ಲಿ ಉಪ್ಪಿನ ಶಾಸನವನ್ನು ಮುರಿಯಲಾಯಿತು. ಆ ಬಳಿಕ ಅಂಕೋಲೆ, ಸಿದ್ದಾಪುರ ಸೀಮೆಯ ರೈತರು ಕಂದಾಯವನ್ನು ನಿರಾಕರಿಸಿ ಭೂಮಿಯನ್ನು ಕಳೆದುಕೊಂಡರು. ಅವರಲ್ಲಿ ಅನೇಕರು ಯೋಗಸೂತ್ರದ ಹೆಸರನ್ನೂ ಕೇಳಿರಲಾರರು. ಅದರ ಅರ್ಥವನ್ನು ಬದುಕಿ ತೋರಿಸಿದರು.

ಇದಕ್ಕೆ ಪ್ರತಿಯಾಗಿ, ಸೂತ್ರಗಳನ್ನು ಕಂಠಸ್ಥ ಮಾಡಿದ ನಮ್ಮಂಥವರು ಎಲ್ಲಿ ನಿಂತಿದ್ದರು? ೧೯೨೪ರಲ್ಲಿ ವೈಕಂನಲ್ಲಿ ದೇವಾಲಯದ ಸುತ್ತಲಿನ ಬೀದಿಯಲ್ಲಿ ನಡೆಯುವ ಹಕ್ಕಿಗಾಗಿ ಸತ್ಯಾಗ್ರಹವು ಆರಂಭವಾದಾಗ, ೧೯೨೭ರಲ್ಲಿ ಮಹಾಡದ ಕೆರೆಯ ನೀರನ್ನು ಮುಟ್ಟಲು ಅಂಬೇಡ್ಕರರು ಜನರನ್ನು ಕರೆದೊಯ್ದಾಗ, ಅಡ್ಡ ನಿಂತವರು ಶಾಸ್ತ್ರವನ್ನು ಅರಿಯದವರೇನಲ್ಲ. ಅಹಿಂಸೆಯ ಶ್ಲೋಕವು ಅವರ ಬಾಯಲ್ಲಿಯೂ ಇತ್ತು. ಮಹಾಡದಲ್ಲಿ ಪೆಟ್ಟು ತಿಂದವರು ನೀರು ಕುಡಿಯಬಂದವರು. ಆದುದರಿಂದ ಸತ್ಯಾಗ್ರಹದ ಬೇರು ನಮ್ಮ ದರ್ಶನಗಳಲ್ಲಿದೆಯೆಂದು ಹೆಮ್ಮೆಪಡುವವರು ಇದನ್ನೂ ಸೇರಿಸಿ ಹೇಳಬೇಕು: ಆ ಬೇರಿಗೆ ನೀರೆರೆದವರಲ್ಲಿ ಬಹುಮಂದಿ, ನಾವು ಪಾಠಶಾಲೆಯ ಹೊರಗಿಟ್ಟವರು. ಮ್ಲಾನವಾದ ಮುಖದಿಂದಲಾದರೂ ಈ ಮಾತನ್ನು ಆಡದಿದ್ದರೆ ನಮ್ಮ ಅಹಿಂಸೆಯು ಸತ್ಯದ ಮೇಲೆ ನಿಂತುದಾಗುವುದಿಲ್ಲ.

ಉಪಾಧ್ಯಾಯ ಬಂಧುಗಳಲ್ಲಿಯೂ ಮನೆಮನೆಯ ಹಿರಿಯರಲ್ಲಿಯೂ ನನ್ನ ಪ್ರಾರ್ಥನೆಯು ಇಷ್ಟೇ. ಮಕ್ಕಳಿಗೆ ಶ್ಲೋಕವನ್ನು ಕಲಿಸುವಾಗ ಆಕರವನ್ನು ತೆರೆದು ತೋರಿಸಿರಿ. ಅಂಟಿಸಿದ ಪಾದವನ್ನು ಯಾರಾದರೂ ಹೇಳಿದರೆ, ಕೋಪಿಸದೆ, ಪರ್ವವನ್ನೂ ಅಧ್ಯಾಯವನ್ನೂ ಕೇಳಿರಿ. ಆ ಹುಡುಗಿ ನನ್ನನ್ನು ಕೇಳಿದಂತೆ. ನಾನು ನನ್ನ ಶಿಷ್ಯರಿಗೆ ಕಾಗದವನ್ನು ಬರೆದು, ತಪ್ಪು ನನ್ನದೆಂದೂ, ಅದೇ ಸಭಾಂಗಣದಲ್ಲಿ ಅದನ್ನು ನಾನೇ ಎದ್ದುನಿಂತು ಹೇಳಲು ಸಿದ್ಧನೆಂದೂ ತಿಳಿಸಿದ್ದೇನೆ. ಈ ಸಾಲುಗಳನ್ನು ಬರೆಯುವವರೆಗೆ ಉತ್ತರ ಬಂದಿಲ್ಲ. ಬರದಿದ್ದರೂ ಹೋಗಿ ಹೇಳುವೆನು.

ಇತ್ಯಲಮ್.